ನಿವೃತ್ತ ಪ್ರಾಧ್ಯಾಪಕರಿಗೆ ನುಡಿನಮನ: ಡೀನ್ ಆಗಿದ್ದ ವರ್ಷಗಳನ್ನು ಬರೆಯುವುದು ಹೇಗೆ?

ಕರಡುಪ್ರತಿ:
ಡೀನ್ ಆಗಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ತೀರಿಕೊಂಡಿದ್ದಾರೆ. ವಿಭಾಗದ ಸಂಚಿಕೆಗೆ 800 ಪದಗಳ ನುಡಿನಮನ ಬೇಕು. ಇರುವುದು ಒಂದು ಹಳೆಯ ಬಯೋಡೇಟಾ, ಮನೆಯವರು ಕೊಟ್ಟ ಎರಡು ಪೆಟ್ಟಿಗೆ ಕಾಗದ. ಹುಟ್ಟು, ಓದು, ಹುದ್ದೆ, ಪ್ರಶಸ್ತಿ ಎಂದು ಜೋಡಿಸಿದರೆ ಸೇವಾಪುಸ್ತಕ ಓದಿದ ಹಾಗಾಗುತ್ತದೆ. ಎಲ್ಲಿಂದ ಶುರು ಮಾಡಲಿ?

ಹಳೇಕಡತ:
ಮೊದಲು ಬಯೋಡೇಟಾದ ಮೇಲೆ ಅನುಮಾನಪಡಿ. ಅದನ್ನು ಸಾಮಾನ್ಯವಾಗಿ ಬಡ್ತಿಗೆಂದು ಬರೆದಿರುತ್ತಾರೆ, ಬಡ್ತಿ ಸಿಕ್ಕ ವರ್ಷಕ್ಕೇ ನಿಂತಿರುತ್ತದೆ. ಕೊನೆಯ ಹತ್ತು ವರ್ಷದ ಕೆಲಸ ಅದರಲ್ಲಿ ಇರುವುದೇ ಇಲ್ಲ.

ಹೆಚ್ಚು ತಪ್ಪಾಗುವುದು ಡೀನ್ ಹುದ್ದೆಯಲ್ಲೇ. ಅವರು ನಿಕಾಯದ (ಹಲವು ವಿಭಾಗಗಳು ಸೇರಿದ ಫ್ಯಾಕಲ್ಟಿಯ) ಡೀನ್ ಆಗಿದ್ದರೋ, ವಿದ್ಯಾರ್ಥಿ ಕ್ಷೇಮಪಾಲನೆಯ ಡೀನೋ? ಪೂರ್ಣಾವಧಿಯೋ, ಪ್ರಭಾರವೋ? 'ವಿಶ್ವವಿದ್ಯಾಲಯದ ಡೀನ್' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ನೇಮಕದ ಆದೇಶದ ತಾರೀಖು ಒಂದು, ಅಧಿಕಾರ ವಹಿಸಿಕೊಂಡ ತಾರೀಖು ಇನ್ನೊಂದು ಇರಬಹುದು, ಎರಡನೆಯದನ್ನು ಹಿಡಿಯಿರಿ.

ಕೆಲಸ ಏನು ಮಾಡಿದರು ಎನ್ನುವುದು ನಿಕಾಯ ಸಭೆಯ ನಡಾವಳಿಯಲ್ಲಿ ಸಿಗುತ್ತದೆ. ಅವರ ಅವಧಿಯ ಮೊದಲಿನ ಪಠ್ಯಕ್ರಮವನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ: ಯಾವ ಪತ್ರಿಕೆ ಬಂತು, ಯಾವುದು ಹೋಯಿತು, ಪ್ರಾಯೋಗಿಕಕ್ಕೆ ಎಷ್ಟು ಅಂಕ ಹೆಚ್ಚಿತು. ಆದರೆ 'ಅವರೇ ತಂದರು' ಎನ್ನುವ ಮುಂಚೆ ಸಭೆಯಲ್ಲಿ ಆ ಪ್ರಸ್ತಾವ ಮಂಡಿಸಿದ ಸೂಚಕರು ಯಾರೆಂದು ನೋಡಿಕೊಳ್ಳಿ. ಸಮಿತಿಯ ತೀರ್ಮಾನವನ್ನು ಒಬ್ಬರ ಲೆಕ್ಕಕ್ಕೆ ಬರೆದರೆ ಬದುಕಿರುವ ಸಹೋದ್ಯೋಗಿಗಳು ಮುನಿಸಿಕೊಳ್ಳುತ್ತಾರೆ, ಅದು ಸರಿಯೇ.

ಅಡಿಟಿಪ್ಪಣಿ:
ಪಿಎಚ್‌.ಡಿ. ಲೆಕ್ಕದಲ್ಲೂ ಎಚ್ಚರ ಬೇಕು. ನೋಂದಾಯಿಸಿದವರು, ಪದವಿ ಪಡೆದವರು, ಸಹಮಾರ್ಗದರ್ಶನದವರು ಈ ಮೂವರೂ ಒಂದೇ ಅಂಕಿಯಲ್ಲಿ ಬೆರೆತಿರುತ್ತಾರೆ. ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಒಂದೇ ಇನಿಷಿಯಲ್ ಇರುವ ಬೇರೆಯವರ ಲೇಖನಗಳೂ ಸೇರಿಕೊಂಡಿರಬಹುದು. ಒಬ್ಬೊಬ್ಬ ಸಂಶೋಧಕರನ್ನೂ ಬೇರೆಯಾಗಿ ಗುರುತಿಸುವ ಓರ್ಕಿಡ್ (ORCID) ಸಂಖ್ಯೆ ಶುರುವಾದದ್ದೇ 2012ರಲ್ಲಿ, ಅದಕ್ಕೂ ಮೊದಲೇ ನಿವೃತ್ತರಾದವರಿಗೆ ಅದು ಇರುವುದು ಅಪರೂಪ. 'ನೂರಕ್ಕೂ ಹೆಚ್ಚು ಲೇಖನ' ಎನ್ನುವುದಕ್ಕಿಂತ ಒಂದೇ ಲೇಖನ ಆರಿಸಿ, ಅದು ಯಾವ ಪ್ರಶ್ನೆ ಕೇಳಿತು ಎಂದು ನಾಲ್ಕು ಸಾಲಲ್ಲಿ ಹೇಳಿ.

ಅವರು ಮಾರ್ಗದರ್ಶನ ಮಾಡಿದ ಪ್ರಬಂಧಗಳ ಕೃತಜ್ಞತೆಯ ಪುಟ ಓದಿ. ಹೊಗಳಿಕೆ ಬಿಟ್ಟುಬಿಡಿ, ನಡುವೆ ಒಂದೆರಡು ನಿಜವಾದ ವಿವರ ಇರುತ್ತವೆ. ಪೆಟ್ಟಿಗೆಯಲ್ಲಿ ತಿದ್ದಿದ ಕರಡು ಸಿಕ್ಕರಂತೂ ಬಂಗಾರ: ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ 'ಈ ಕೋಷ್ಟಕದ ಮೊತ್ತ ತಾಳೆಯಾಗುತ್ತಿಲ್ಲ' ಎಂಬಂಥ ಒಂದು ಸಾಲು ಇದ್ದರೆ 'ಶಿಸ್ತಿಗೆ ಇನ್ನೊಂದು ಹೆಸರು' ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಕರಡುಪ್ರತಿ:
ಪೆಟ್ಟಿಗೆಯ ಕಾಗದಗಳನ್ನು ವರ್ಷವಾರು ಜೋಡಿಸಿಬಿಡಲೇ?

ಹಳೇಕಡತ:
ಬೇಡ! ಇದ್ದ ಕ್ರಮವೂ ಒಂದು ದಾಖಲೆ. ಪ್ರತಿ ಕಡತದ ಬೆನ್ನಿನ ಫೋಟೊ ತೆಗೆದು, ಸಂಖ್ಯೆ ಹಾಕಿ, ಆಮೇಲೆ ತೆರೆಯಿರಿ. ತುಕ್ಕು ಹಿಡಿದ ಸ್ಟೇಪಲ್ ಪಿನ್ನನ್ನು ಎಳೆಯಬೇಡಿ, ಕಾಗದ ಹರಿಯುತ್ತದೆ. ಪಿನ್ನಿನ ಮಡಚಿದ ಕಾಲುಗಳನ್ನು ನೇರ ಮಾಡಿ ಮೆಲ್ಲಗೆ ಎತ್ತಿ. ಕಾಗದಕ್ಕೆ 300 ಡಿಪಿಐ ಸ್ಕ್ಯಾನ್ ಸಾಕು, ಫೋಟೊಗೆ 600. ಫೋಟೊ ಹಿಂಬದಿಯ ಬರಹವನ್ನೂ ಸ್ಕ್ಯಾನ್ ಮಾಡಿ, ಸಾಲಾಗಿ ನಿಂತವರ ಹೆಸರು ಅಲ್ಲೇ ಇರುತ್ತದೆ. ವಿದ್ಯಾರ್ಥಿಗಳ ಅಂಕಪಟ್ಟಿ, ನೇಮಕಾತಿಯ ಗೋಪ್ಯ ವರದಿ ಸಿಕ್ಕರೆ ಬೇರೆ ಲಕೋಟೆಗೆ ಹಾಕಿ, ಅದು ಲೇಖನಕ್ಕೆ ಬರಬಾರದು.

ಅಡಿಟಿಪ್ಪಣಿ:
ಅಚ್ಚಿಗೆ ಕೊಡುವ ಮುನ್ನ ಹೆಸರು ಮತ್ತು ತಾರೀಖುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಇಡೀ ಲೇಖನ ಕೊಟ್ಟರೆ ಅವರು ವಿಶೇಷಣ ಸೇರಿಸುತ್ತಾ ಹೋಗುತ್ತಾರೆ, ತಾರೀಖಿನ ತಪ್ಪು ಹಾಗೇ ಉಳಿಯುತ್ತದೆ.