ಲಾಭರಹಿತ, ಸರ್ಕಾರೇತರ, ಸ್ವಯಂಸೇವಾ: ರಾಜ್ಯದ ಇಡೀ ರಂಗಕ್ಕೆ ಒಪ್ಪುವ ಪದ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಕರ್ನಾಟಕದ ಸಂಘಗಳು, ಟ್ರಸ್ಟುಗಳು, ಪ್ರತಿಷ್ಠಾನಗಳು ಒಟ್ಟಾರೆ ಎಷ್ಟಿವೆ, ಎಷ್ಟು ಬಗೆಯವು, ಯಾವ ಕಾಯ್ದೆಯಡಿ ನಡೆಯುತ್ತವೆ ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ನಾನ್‌ಪ್ರಾಫಿಟ್ ಸೆಕ್ಟರ್’ ಎಂಬುದಕ್ಕೆ ಕನ್ನಡದಲ್ಲಿ ನಿಲ್ಲುವ ಹೆಸರು ಬೇಕಾಗಿದೆ. ಪತ್ರಿಕೆಗಳಲ್ಲಿ ‘ಲಾಭರಹಿತ ವಲಯ’, ‘ಲಾಭೋದ್ದೇಶವಿಲ್ಲದ ಸಂಸ್ಥೆಗಳು’, ‘ಸರ್ಕಾರೇತರ ಸಂಸ್ಥೆಗಳು’, ‘ಸ್ವಯಂಸೇವಾ ಸಂಸ್ಥೆಗಳು’ ಎಂಬ ನಾಲ್ಕೂ ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಕೆಯಾಗುತ್ತಿವೆ. ಇವು ಒಂದೇ ಅರ್ಥದ ಮಾತುಗಳಲ್ಲ ಎಂದು ನನಗೆ ಅನ್ನಿಸುತ್ತದೆ. ಯಾವ ಪದವನ್ನು ಹಿಡಿಯುತ್ತೇವೆಯೋ ಅದಕ್ಕೆ ತಕ್ಕಂತೆ ಎಣಿಕೆಯೂ ಬದಲಾಗುತ್ತದೆ. ಹಾಗಾಗಿ ನಿಮ್ಮ ಅಭಿಪ್ರಾಯ ಕೇಳುವ ಮೊದಲು ನನ್ನ ತೊಡಕುಗಳನ್ನು ಬಿಡಿಸಿ ಹೇಳುತ್ತೇನೆ.

‘ಲಾಭರಹಿತ’ದಿಂದ ಆರಂಭಿಸೋಣ. ಈ ಪದವನ್ನು ಓದಿದವರು ಸಂಸ್ಥೆಯ ಕೈಯಲ್ಲಿ ವರ್ಷದ ಕೊನೆಗೆ ಒಂದು ರೂಪಾಯಿಯೂ ಉಳಿಯಬಾರದು ಎಂದು ತಿಳಿಯುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಡಿ ನೋಂದಣಿಯಾಗುವ ಕಂಪನಿ (1956ರ ಹಳೆಯ ಕಾಯ್ದೆಯಲ್ಲಿ ಇದು 25ನೇ ಸೆಕ್ಷನ್ ಆಗಿತ್ತು) ಲಾಭ ಗಳಿಸಬಹುದು. ಆದರೆ ಅದನ್ನು ತನ್ನ ಉದ್ದೇಶಕ್ಕೇ ಬಳಸಬೇಕು, ಸದಸ್ಯರಿಗೆ ಲಾಭಾಂಶವಾಗಿ ಕೊಡಕೂಡದು. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ, ಇಂತಹ ಸಂಸ್ಥೆಗಳನ್ನು ರಾಷ್ಟ್ರೀಯ ಲೆಕ್ಕಕ್ಕೆ ತೆಗೆದುಕೊಳ್ಳುವ ಕೈಪಿಡಿಯಲ್ಲೂ ಲಕ್ಷಣ ಇದೇ: ಸಂಸ್ಥೆ ಸಂಘಟಿತವಾಗಿರಬೇಕು, ಸರ್ಕಾರದಿಂದ ಪ್ರತ್ಯೇಕವಾಗಿರಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ಸೇರುವುದು ಕಡ್ಡಾಯವಾಗಿರಬಾರದು ಮತ್ತು ಗಳಿಕೆಯನ್ನು ಹಂಚಿಕೊಳ್ಳಬಾರದು.

ಈ ವ್ಯತ್ಯಾಸ ನಮ್ಮ ರಾಜ್ಯದ ಮಟ್ಟಿಗೆ ಬರಿಯ ಪಾಂಡಿತ್ಯದ ವಿಷಯವಲ್ಲ. ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಖಾಸಗಿ ಶಿಕ್ಷಣ ಸಂಸ್ಥೆಗಳು ತಮ್ಮ ಬೆಳವಣಿಗೆಗಾಗಿ ಮಿತವಾದ ಹಣ ಉಳಿಸಿಕೊಳ್ಳಬಹುದು, ಆದರೆ ಸುಲಿಗೆಗೆ ಇಳಿಯಬಾರದು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಇಲ್ಲಿ ಮೂರು ಬೇರೆ ಬೇರೆ ಕಲ್ಪನೆಗಳಿವೆ: ಖರ್ಚು ಕಳೆದು ಉಳಿದದ್ದು, ಒಡೆಯನಿಗೆ ಸಲ್ಲುವ ಗಳಿಕೆ, ಮಿತಿಮೀರಿದ ಗಳಿಕೆ. ಕನ್ನಡದಲ್ಲಿ ಮೂರನ್ನೂ ‘ಲಾಭ’ ಎಂದು ಬರೆದುಬಿಟ್ಟರೆ ತೀರ್ಪು ಓದುಗರಿಗೆ ಅರ್ಥವೇ ಆಗುವುದಿಲ್ಲ. ನಮ್ಮಲ್ಲಿ ಮೂರಕ್ಕೂ ಪದಗಳಿವೆ. ‘ಕೊರತೆ’ಗೆ ಜೋಡಿಯಾಗಿ ‘ಮಿಗತೆ’ ಇದೆ, ‘ಲಾಭ’ ಇದೆ, ‘ಲಾಭಕೋರತನ’ ಇದೆ. ಸಂಘಗಳ ಲೆಕ್ಕಪತ್ರದಲ್ಲಿ ‘ಖರ್ಚಿಗಿಂತ ಹೆಚ್ಚಾದ ಆದಾಯ’ ಎಂದು ಉದ್ದವಾಗಿ ಬರೆಯುವ ಕಡೆ ‘ಮಿಗತೆ’ ಎಂದರೆ ಸಾಕು. ಸಹಕಾರ ಸಂಘಗಳ ವಾರ್ಷಿಕ ವರದಿಯಲ್ಲಿ, ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಪಕ್ಕದಲ್ಲಿ, ‘ನಿವ್ವಳ ಲಾಭ’ ಎಂದು ಕಾಣುವುದು ಮಾತ್ರ ಸರಿಯಾಗಿಯೇ ಇದೆ. ಅಲ್ಲಿ ಷೇರುದಾರರಿಗೆ ಲಾಭಾಂಶ ಕೊಡುತ್ತಾರೆ.

ಇದೇ ಕಾರಣದಿಂದ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಎಷ್ಟೇ ಗೌರವವಿದ್ದರೂ ಈ ಪಟ್ಟಿಗೆ ಸೇರಿಸಲಾರೆ. ಅದು ಲೋಕೋಪಕಾರಿ, ಸದಸ್ಯರದ್ದೇ ಆಡಳಿತ, ನಿಜ. ಆದರೆ ಗಳಿಕೆಯನ್ನು ಸದಸ್ಯರು ಹಂಚಿಕೊಳ್ಳುವ ಏರ್ಪಾಡು ಅದರದ್ದು.

ಇಲ್ಲಿ ಕನ್ನಡದ ಒಂದು ಕ್ರಿಯಾರೂಪ ನಮ್ಮ ನೆರವಿಗೆ ಬರುತ್ತದೆ. ‘ಹಂಚು’ ಬೇರೆ, ‘ಹಂಚಿಕೊಳ್ಳು’ ಬೇರೆ. ಅನ್ನ ಹಂಚುವುದು, ಪುಸ್ತಕ ಹಂಚುವುದು, ವಿದ್ಯಾರ್ಥಿವೇತನ ಹಂಚುವುದು ಇಂತಹ ಸಂಸ್ಥೆಗಳ ಕೆಲಸವೇ ಹೌದು. ಕಾನೂನು ತಡೆಯುವುದು ಒಳಗಿನವರು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದನ್ನು. ‘ಕೊಳ್ಳು’ ಎಂಬ ಸಣ್ಣ ಸೇರ್ಪಡೆ ಇಂಗ್ಲಿಷಿನ ಉದ್ದ ವ್ಯಾಖ್ಯೆಗಿಂತ ಚೊಕ್ಕವಾಗಿ ಈ ಗೆರೆಯನ್ನು ಎಳೆಯುತ್ತದೆ. ಆದ್ದರಿಂದ ಕಾನೂನು, ತೆರಿಗೆ, ಅರ್ಥಶಾಸ್ತ್ರದ ಬರವಣಿಗೆಯಲ್ಲಿ ‘ಲಾಭ ಹಂಚಿಕೊಳ್ಳದ ಸಂಸ್ಥೆ’ ಎಂದು ಬಳಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಲಾಭೋದ್ದೇಶವಿಲ್ಲದ’ ಎಂಬುದು ‘ಲಾಭರಹಿತ’ಕ್ಕಿಂತ ಮೇಲು, ಆದರೆ ಅದು ಮನಸ್ಸಿನ ಉದ್ದೇಶವನ್ನು ಹೇಳುತ್ತದೆ. ಉದ್ದೇಶವನ್ನು ಅಳೆಯಲಾಗುವುದಿಲ್ಲ, ಹಂಚಿಕೊಂಡರೋ ಇಲ್ಲವೋ ಎಂಬುದನ್ನು ಲೆಕ್ಕಪುಸ್ತಕ ತೆರೆದು ನೋಡಬಹುದು.

ಇನ್ನು ‘ಸರ್ಕಾರೇತರ’. 1945ರ ವಿಶ್ವಸಂಸ್ಥೆ ಸನ್ನದಿನ 71ನೇ ವಿಧಿಯಲ್ಲಿ ಸರ್ಕಾರಗಳ ಪ್ರತಿನಿಧಿಗಳಲ್ಲದ ಸಂಘಟನೆಗಳೊಡನೆ ಸಮಾಲೋಚನೆ ನಡೆಸುವ ಮಾತು ಬರುತ್ತದೆ. ಸರ್ಕಾರಗಳೇ ಸೇರಿದ ಸಭೆಯಲ್ಲಿ ಆ ಹೆಸರು ಸಹಜ. ತಾಲ್ಲೂಕು ಮಟ್ಟಕ್ಕೆ ಇಳಿದಾಗ ಅದು ಸಡಿಲವಾಗುತ್ತದೆ. ಪದದ ಲೆಕ್ಕದಲ್ಲಿ ಸಿಮೆಂಟ್ ಕಾರ್ಖಾನೆಯೂ ಸರ್ಕಾರೇತರವೇ. ಮತ್ತೊಂದು ಕಡೆ, ಅನುದಾನಿತ ಶಾಲೆಯ ಶಿಕ್ಷಕರಿಗೆ ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಸಂಘದ್ದು. ಬೆಂಗಳೂರಿನಲ್ಲಿ 2000ರಲ್ಲಿ ಆರಂಭವಾದ ಅಕ್ಷಯಪಾತ್ರ ಸರ್ಕಾರದ ಧಾನ್ಯ ಮತ್ತು ಅನುದಾನದೊಂದಿಗೆ ಬಿಸಿಯೂಟ ಬಡಿಸುತ್ತದೆ. ‘ಇತರ’ ಎಂದು ಬದಿಗಿಡುವಷ್ಟು ದೂರ ಇವುಗಳ ಮತ್ತು ಸರ್ಕಾರದ ನಡುವೆ ಇಲ್ಲ. ‘ಎನ್‌ಜಿಒ’ ಎಂಬ ಅಕ್ಷರಗಳು ಹಳ್ಳಿಗಳಲ್ಲೂ ಚಲಾವಣೆಯಲ್ಲಿವೆ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಯೋಜನೆ, ಕ್ಷೇತ್ರಕಾರ್ಯ, ದಾನಿಗಳು ಇರುವ ಒಂದು ಬಗೆಯ ಸಂಸ್ಥೆಗೆ ಅದು ನೆಲೆನಿಂತ ಹೆಸರು. ಆದರೆ ಕನ್ನಡ ಸಾಹಿತ್ಯ ಪರಿಷತ್ತನ್ನು ಯಾರೂ ಎನ್‌ಜಿಒ ಎನ್ನುವುದಿಲ್ಲ.

‘ಸ್ವಯಂಸೇವಾ’ ಎಂಬ ಪದದ ಹಿಂದೆ ಸ್ವಾತಂತ್ರ್ಯ ಹೋರಾಟದ ನೆನಪಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ಡಾ. ನಾ.ಸು. ಹರ್ಡೀಕರರ ಸೇವಾದಳದವರು ನಿಜವಾದ ಅರ್ಥದಲ್ಲಿ ಸ್ವಯಂಸೇವಕರು. ಇಂದು ಸಾವಿರಾರು ನೌಕರರಿಗೆ ಸಂಬಳ ಕೊಡುವ ಆಸ್ಪತ್ರೆಗೆ ಅದೇ ಪದ ಹೊಂದುವುದಿಲ್ಲ. ದೇಶದ 2007ರ ರಾಷ್ಟ್ರೀಯ ನೀತಿ ಈ ರಂಗವನ್ನು ಇಂಗ್ಲಿಷಿನಲ್ಲಿ ‘ವಾಲಂಟರಿ ಸೆಕ್ಟರ್’ ಎಂದು ಹೆಸರಿಸುವಾಗ ಸೂಚಿಸಿದ್ದು ಜನ ತಾವಾಗಿ ಸೇರಿ ಕಟ್ಟಿದ್ದು ಎಂಬುದನ್ನು. ಸಂಬಳವಿಲ್ಲದೆ ದುಡಿಯಬೇಕೆಂದು ಅದರ ಅರ್ಥವಲ್ಲ. ಆ ಭಾವಕ್ಕೆ ‘ಸ್ವಯಂಪ್ರೇರಿತ’ ಹೆಚ್ಚು ಹತ್ತಿರ. ಜೊತೆಗೆ, ಹೋಟೆಲುಗಳ ‘ಸ್ವಯಂ ಸೇವೆ’ ಫಲಕ ಈಗ ಈ ಪದಕ್ಕೆ ಬೇರೆಯದೇ ಅರ್ಥವನ್ನು ರೂಢಿಸುತ್ತಿದೆ. ಕಾರ್ಯಕರ್ತರಿಗೆ ಗೌರವಯುತ ಸಂಬಳ ಕೇಳಿದಾಗ ‘ನೀವು ಸ್ವಯಂಸೇವೆ ತಾನೇ ಮಾಡುತ್ತಿರುವುದು’ ಎಂಬ ಮಾತು ಎದುರಾಗುತ್ತದೆ. ಪದವೊಂದು ಜನರ ಹೊಟ್ಟೆಗೆ ಹೊಡೆಯುವುದು ಹೀಗೆ.

ವೈವಿಧ್ಯದ ವಿಷಯಕ್ಕೆ ಬರುತ್ತೇನೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (1890), ವೀರಶೈವ ಮಹಾಸಭಾ (1904), ಒಕ್ಕಲಿಗರ ಸಂಘ (1906), ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು (1915), ಬೆಳಗಾವಿಯ ಕೆಎಲ್‌ಇ ಸಂಸ್ಥೆ (1916), ಹೆಗ್ಗೋಡಿನ ನೀನಾಸಂ (1949), ಟಿಬೆಟಿನ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಲು 1968ರಲ್ಲಿ ಹುಟ್ಟಿ ಮುಂದೆ ಸ್ವಸಹಾಯ ಗುಂಪುಗಳತ್ತ ತಿರುಗಿದ ಮೈರಾಡ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಿಂದ ಕೆಲಸ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಇವೆಲ್ಲ ಒಂದೇ ರಂಗದಲ್ಲಿವೆ ಎಂದು ಮೊದಲ ನೋಟಕ್ಕೆ ಯಾರಿಗೂ ತೋಚುವುದಿಲ್ಲ. ನಾಡು ಒಂದಾಗುವ ಎಷ್ಟೋ ದಶಕ ಮೊದಲೇ ಅದರ ಶಾಲೆ, ಭಾಷೆ, ವಿದ್ಯಾರ್ಥಿನಿಲಯಗಳನ್ನು ಹೊತ್ತು ನಿಂತದ್ದು ಇದೇ ರಂಗ. ಅದಕ್ಕೊಂದು ಸರಿಯಾದ ಹೆಸರಿಲ್ಲ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತಿದೆ.

ಒಳಗಿನ ಹೆಸರುಗಳಲ್ಲಿ ಮಾತ್ರ ಕನ್ನಡ ಬಡವಾಗಿಲ್ಲ. ಸಂಘ, ಸಭಾ, ಪರಿಷತ್ತು, ಮಂಡಳಿ, ಕೂಟ, ಬಳಗ ಎಂದಾಗ ಸದಸ್ಯರು ಕಣ್ಣಿಗೆ ಬರುತ್ತಾರೆ. ನ್ಯಾಸ, ಪ್ರತಿಷ್ಠಾನ, ದತ್ತಿ ಎಂದಾಗ ಒಂದು ಉದ್ದೇಶಕ್ಕೆ ಮೀಸಲಿಟ್ಟ ಆಸ್ತಿ ಕಣ್ಣಿಗೆ ಬರುತ್ತದೆ. ಕಾನೂನಿನ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು, ಟ್ರಸ್ಟಿಗೆ ಬೇಕಾಗಿರುವುದು ಆಸ್ತಿ, ಉದ್ದೇಶ ಮತ್ತು ಅದನ್ನು ನೋಡಿಕೊಳ್ಳುವವರು. ಆ ನೋಡಿಕೊಳ್ಳುವವರ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಧರ್ಮದರ್ಶಿ ಎನ್ನುವವರಿದ್ದಾರೆ, ಕರಾವಳಿಯ ದೇವಸ್ಥಾನಗಳಲ್ಲಿ ಆಡಳಿತ ಮೊಕ್ತೇಸರರಿದ್ದಾರೆ, ಉತ್ತರದ ಊರುಗಳಲ್ಲಿ ಪಂಚ ಕಮಿಟಿ ಇದೆ, ಬರಹದಲ್ಲಿ ವಿಶ್ವಸ್ಥ, ನ್ಯಾಸಧಾರಿ ಎಂಬುವೂ ಇವೆ.

‘ಚಾರಿಟಬಲ್’ಗೆ ‘ಧರ್ಮಾರ್ಥ’ ಎಂದು ಬರೆಯುವ ರೂಢಿಯ ಬಗ್ಗೆಯೂ ಒಂದು ಮಾತು. ಹಳೆಯ ‘ಧರ್ಮಾಸ್ಪತ್ರೆ’, ‘ಧರ್ಮಛತ್ರ’ಗಳಲ್ಲಿ ಧರ್ಮ ಎಂದರೆ ಬೆಲೆ ಕೇಳದೆ ಕೊಟ್ಟದ್ದು. ಈಗ ಆ ಪದ ಮತದ ಅರ್ಥಕ್ಕೆ ಕುಗ್ಗಿದೆ. 1961ರ ಆದಾಯ ತೆರಿಗೆ ಕಾಯ್ದೆ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ರಕ್ಷಣೆ ಮೊದಲಾದವನ್ನು ಒಂದು ಕಡೆ ಇಟ್ಟು, ಧಾರ್ಮಿಕ ಉದ್ದೇಶವನ್ನು ಬೇರೆಯಾಗಿಯೇ ಹೆಸರಿಸಿತು. ಎರಡನ್ನೂ ಧರ್ಮದ ಹೆಸರಿನಲ್ಲಿ ಬರೆದರೆ ಓದುಗ ದಾರಿ ತಪ್ಪುತ್ತಾನೆ. ಹಿಂದೂ ಧಾರ್ಮಿಕ ಸಂಸ್ಥೆಗಳಿಗೆ ಸಂಬಂಧಿಸಿದ ನಮ್ಮ ರಾಜ್ಯದ 1997ರ ಅಧಿನಿಯಮದ ಹೆಸರಿನಲ್ಲಿ ‘ಧರ್ಮಾದಾಯ ದತ್ತಿ’ ಎಂಬ ಜೋಡಿ ಇದೆ. ಅದರಲ್ಲಿ ‘ದತ್ತಿ’ಯನ್ನಷ್ಟೇ ಉಳಿಸಿಕೊಂಡರೆ ಸಾಕು. ಶಾಸನಗಳ ಕಾಲದಿಂದ ಬಂದು ಇಂದಿನ ದತ್ತಿ ಉಪನ್ಯಾಸದವರೆಗೆ ಸವೆಯದೆ ಉಳಿದ ಪದ ಅದು.

ಗಾತ್ರದ ಬಗ್ಗೆ ಬರೆಯುವಾಗ ಎಲ್ಲಕ್ಕಿಂತ ಎಚ್ಚರ ಬೇಕಾದ ಪದ ‘ನೋಂದಾಯಿತ’. ಕೇಂದ್ರ ಅಂಕಿಅಂಶ ಕಚೇರಿ 2008ರ ವರೆಗಿನ ನೋಂದಣಿಗಳನ್ನು ದೇಶದಾದ್ಯಂತ ಎಣಿಸಿದಾಗ ಸುಮಾರು 31 ಲಕ್ಷ ಸಂಘಗಳು ಸಿಕ್ಕವು. ಅವುಗಳಲ್ಲಿ 22 ಲಕ್ಷಕ್ಕೂ ಹೆಚ್ಚಿನವನ್ನು ವಿಳಾಸ ಹಿಡಿದು ಹುಡುಕಿದಾಗ ಪತ್ತೆಯಾದವು ಏಳು ಲಕ್ಷದೊಳಗೆ. ಸಂಘ ಹುಟ್ಟಿದ್ದು ಪುಸ್ತಕದಲ್ಲಿ ದಾಖಲಾಗುತ್ತದೆ, ನಿಂತುಹೋದದ್ದು ಬಹುಮಟ್ಟಿಗೆ ದಾಖಲಾಗುವುದಿಲ್ಲ. ಇದರ ಎದುರು ತುದಿಯಲ್ಲಿ, ಊರಿನ ಗಣೇಶೋತ್ಸವ ಸಮಿತಿ, ಭಜನಾ ಮಂಡಳಿ, ಕೆರೆಯ ಹೂಳೆತ್ತಲು ಸೇರಿದ ಗುಂಪುಗಳಲ್ಲಿ ಬಹಳಷ್ಟು ಎಲ್ಲಿಯೂ ನೋಂದಣಿಯಾಗಿರುವುದಿಲ್ಲ. ಹಾಗಾಗಿ ‘ರಾಜ್ಯದಲ್ಲಿ ಇಷ್ಟು ಸಂಘಗಳಿವೆ’ ಎಂಬ ವಾಕ್ಯದಲ್ಲಿ ‘ಇವೆ’ ಎಂಬ ಕ್ರಿಯಾಪದವನ್ನು ಹಗುರವಾಗಿ ಬಳಸಬಾರದು. ‘ನೋಂದಣಿಯಾಗಿವೆ’, ‘ಚಾಲ್ತಿಯಲ್ಲಿವೆ’ ಎಂದು ಬಿಡಿಸಿ ಹೇಳಬೇಕು.

ಇಡೀ ರಂಗದ ಹೆಸರಿಗೆ ನನ್ನ ಒಲವು ‘ಸಂಘಸಂಸ್ಥೆಗಳ ರಂಗ’ದ ಕಡೆಗಿದೆ. ‘ಸಂಸ್ಥೆ’ ಎಂದಷ್ಟೇ ಹೇಳಿದರೆ ಸಾಫ್ಟ್‌ವೇರ್ ಕಂಪನಿಯೂ ಸೇರಿಬಿಡುತ್ತದೆ. ಆದರೆ ‘ವಿವಿಧ ಸಂಘಸಂಸ್ಥೆಗಳ ಪದಾಧಿಕಾರಿಗಳು ಭಾಗವಹಿಸಿದ್ದರು’ ಎಂಬ ವರದಿ ಓದಿದಾಗ ಯಾರ ಮನಸ್ಸಿಗೂ ಕಂಪನಿ ಬರುವುದಿಲ್ಲ. ಜನರು ತಾವೇ ಈ ಜೋಡಿಪದಕ್ಕೆ ಎಲ್ಲೆ ಹಾಕಿದ್ದಾರೆ. ‘ವಲಯ’ ಎಂದೊಡನೆ ಅರಣ್ಯ ವಲಯ, ಕೈಗಾರಿಕಾ ವಲಯಗಳಂತೆ ನೆಲದ ಗಡಿ ನೆನಪಾಗುತ್ತದೆ. ‘ಸಹಕಾರ ರಂಗ’ ಎಂದು ಹೇಗೂ ರೂಢಿಯಾಗಿರುವುದರಿಂದ ಅದರ ಪಕ್ಕದಲ್ಲಿ ಇನ್ನೊಂದು ರಂಗ ಸಲೀಸಾಗಿ ಕೂರುತ್ತದೆ. ತೊಡಕು ಒಂದೇ: ಸಹಕಾರ ಸಂಘವೂ ‘ಸಂಘಸಂಸ್ಥೆ’ಯೊಳಗೆ ನುಸುಳುತ್ತದೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ‘ಲಾಭ ಹಂಚಿಕೊಳ್ಳದ ಸಂಸ್ಥೆ’ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಇದಕ್ಕಿಂತ ಚಿಕ್ಕದಾಗಿ, ‘ಕೊಳ್ಳು’ವನ್ನು ಕಳೆದುಕೊಳ್ಳದೆ, ಹೇಳುವ ದಾರಿ ಇದೆಯೇ? ಸಹಕಾರ ಸಂಘಗಳನ್ನು ಹೊರಗಿಡುವ, ಆದರೆ ದತ್ತಿ, ಸಂಘ ಎರಡನ್ನೂ ಒಳಗೊಳ್ಳುವ ಪದ ನಿಮ್ಮ ಭಾಗದ ಬಳಕೆಯಲ್ಲಿದೆಯೇ? ಬೀದರ್, ಕಲಬುರಗಿ, ರಾಯಚೂರು ಕಡೆಯವರು ಟ್ರಸ್ಟಿಗೆ ಏನನ್ನುತ್ತಾರೆ, ನಿಂತುಹೋದ ಸಂಘಕ್ಕೆ ಏನನ್ನುತ್ತಾರೆ ಎಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ಹಳೆಯ ಕರಪತ್ರ, ವಾರ್ಷಿಕ ವರದಿ, ಸಂಘದ ನಿಯಮಾವಳಿಗಳಲ್ಲಿ ಕಂಡ ಪದವಾದರೆ ಸುತ್ತಲಿನ ವಾಕ್ಯವನ್ನೂ ಇಸವಿಯನ್ನೂ ಸೇರಿಸಿ ಕಳುಹಿಸಿ.