ಲಿಫ್ಟ್ ಮಷಿನ್ ರೂಮ್: ನೀರು ಮೊದಲಾ, ಕರೆಂಟ್ ಕಟ್ ಮೊದಲಾ?

ಪ್ಯಾನೆಲ್ ಹುಡುಗ:
ನಮಸ್ಕಾರ. ನಾನು ಫೈರ್ ಅಲಾರಂ ವೈರಿಂಗ್ ಮಾಡುವವನು. ಈಗಿನ ಸೈಟಿನಲ್ಲಿ ಲಿಫ್ಟ್ ಮಷಿನ್ ರೂಮಿನೊಳಗೆ ಒಂದು ಸ್ಪ್ರಿಂಕ್ಲರ್ (ಬೆಂಕಿಯ ಶಾಖಕ್ಕೆ ತಾನೇ ನೀರು ಚಿಮ್ಮಿಸುವುದು) ಇದೆ. ನೀರು ಬೀಳುವ ಮೊದಲೇ ಲಿಫ್ಟಿನ ಮೇನ್ ಕರೆಂಟ್ ಹೋಗಬೇಕಂತೆ, ಅದಕ್ಕೇ ಬ್ರೇಕರಿಗೆ ಶಂಟ್ ಟ್ರಿಪ್ ಕಾಯಿಲ್ (ಸಿಗ್ನಲ್ ಕೊಟ್ಟರೆ ಬ್ರೇಕರ್ ಬೀಳಿಸುವ ಕಾಯಿಲ್) ಬಂದಿದೆ. ಒಳಗೆ ಜನ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತಾರೆ ಅಲ್ವಾ? ಇನ್ನೊಂದು, ರೂಮಿನಲ್ಲಿ ಸ್ಮೋಕ್ ಡಿಟೆಕ್ಟರ್ ಹೇಗೂ ಇದೆ, ಅದರಿಂದಲೇ ಟ್ರಿಪ್ ಕೊಟ್ಟುಬಿಡು ಅಂತಾರೆ ಸೂಪರ್‌ವೈಸರ್. ಸರೀನಾ?

ಹಳೇ ಲಿಫ್ಟ್ ಮೆಕ್ಯಾನಿಕ್:
ಸ್ಮೋಕಿನಿಂದ ಟ್ರಿಪ್ ಬೇಡವೇ ಬೇಡ. ಎಎಸ್‌ಎಂಇ ಎ17.1 (ಲಿಫ್ಟ್ ಸುರಕ್ಷತೆಯ ಅಮೆರಿಕನ್ ನಿಯಮಾವಳಿ) ಕೂಡ ಅದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದ್ದ ಒಂದು ಕಟ್ಟಡಕ್ಕೆ ನಾನೇ ಓಡಿದ್ದೆ. ಮಷಿನ್ ರೂಮಿನ ಗೋಡೆಗೆ ಯಾರೋ ಡ್ರಿಲ್ ಹಾಕಿದ್ದರು. ಧೂಳಿಗೆ ಡಿಟೆಕ್ಟರ್ ಕೂಗಿತು, ಬ್ರೇಕರ್ ಟಪ್ ಅಂತ ಬಿತ್ತು, ಲಿಫ್ಟ್ ಎರಡು ಮಹಡಿ ನಡುವೆ ನಿಂತಿತು. ಬಾಗಿಲ ಸಂದಿಯಲ್ಲಿ ಒಬ್ಬರ ಚಪ್ಪಲಿ ಮಾತ್ರ ಕಾಣುತ್ತಿತ್ತು. 'ಬೆಂಕಿ ಎಲ್ಲಿವರೆಗೆ ಬಂತು?' ಅಂತ ಕೇಳುತ್ತಲೇ ಇದ್ದರು. ಬರೀ ಧೂಳು ಅಂದರೆ ನಂಬಲೇ ಇಲ್ಲ.

ಸ್ಮೋಕ್ ಡಿಟೆಕ್ಟರಿನ ಕೆಲಸ ರೀಕಾಲ್, ಅಂದರೆ ಲಿಫ್ಟನ್ನು ವಾಪಸ್ ಕರೆಸುವುದು. ಲಿಫ್ಟ್ ಗೊತ್ತುಮಾಡಿದ ಮಹಡಿಗೆ ಬಂದು ಬಾಗಿಲು ತೆರೆದು ನಿಲ್ಲುತ್ತದೆ. ಸಾಮಾನ್ಯವಾಗಿ ಹೊಗೆ ಮೊದಲು, ಶಾಖ ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಜನ ಇಳಿದಿರುತ್ತಾರೆ. ಆಮೇಲೆ ಹೀಟ್ ಡಿಟೆಕ್ಟರ್ ಟ್ರಿಪ್ ಕೊಡುತ್ತದೆ. ಯಾರೂ ಸಿಕ್ಕಿಕೊಳ್ಳುವುದೇ ಇಲ್ಲ ಅನ್ನಲಾರೆ. ಆದರೆ ಬ್ರೇಕ್ ಒದ್ದೆಯಾಗಿ ಜಾರುವ, ಕಂಟ್ರೋಲರಿನಲ್ಲಿ ಶಾರ್ಟ್ ಆಗಿ ಬಾಗಿಲು ತೆರೆದೇ ಹೊರಡುವ ಲಿಫ್ಟಿಗಿಂತ ನಿಂತ ಲಿಫ್ಟ್ ವಾಸಿ.

ಪೈಪಿನವನು:
ಹೀಟ್ ಡಿಟೆಕ್ಟರ್ ಎಲ್ಲಿದೆ ನೋಡಿದ್ರಾ? ಎನ್‌ಎಫ್‌ಪಿಎ 72 (ಫೈರ್ ಅಲಾರಂನ ಅಮೆರಿಕನ್ ನಿಯಮಾವಳಿ) ಪ್ರಕಾರ ಸ್ಪ್ರಿಂಕ್ಲರ್ ಹೆಡ್ಡಿನಿಂದ 610 ಮಿ.ಮೀ. ಒಳಗಿರಬೇಕು. ಹೆಡ್ಡಿಗಿಂತ ಕಡಿಮೆ ಡಿಗ್ರಿಗೆ ಕೆಲಸ ಮಾಡುವಂಥದ್ದಾಗಿರಬೇಕು, ಬೇಗ ಬಿಸಿಯಾಗುವಂಥದ್ದೂ ಆಗಿರಬೇಕು. ಹೆಡ್ಡಿನ ಗಾಜಿನ ಬಲ್ಬ್ ಬಣ್ಣ ನೋಡಿ: ಕೆಂಪು 68 ಡಿಗ್ರಿಗೆ ಒಡೆದು ನೀರು ಬಿಡುತ್ತದೆ, ಹಳದಿ 79, ಹಸಿರು 93. ಪೈಪಿನಲ್ಲಿ ನೀರು ಹರಿದದ್ದನ್ನು ತಿಳಿಸುವ ಫ್ಲೋ ಸ್ವಿಚ್ಚಿನಿಂದ ಟ್ರಿಪ್ ಕೊಡುವುದಾದರೆ ಅದರಲ್ಲಿ ಡಿಲೇ ಇರಲೇಕೂಡದು. ಪಿಟ್ಟಿನಲ್ಲಿ (ಲಿಫ್ಟ್ ದಾರಿಯ ತಳದ ಗುಂಡಿ) ನೆಲದಿಂದ ಎರಡಡಿ ಒಳಗೇ ಹೆಡ್ ಇದ್ದರೆ ಅದಕ್ಕೆ ಟ್ರಿಪ್ ಬೇಕಾಗಿಲ್ಲ.

ಪ್ಯಾನೆಲ್ ಹುಡುಗ:
ಈಗಷ್ಟೇ ಏಣಿ ಹತ್ತಿ ಇಳಿದೆ. ಬಲ್ಬ್ ಕೆಂಪು. ಡಿಟೆಕ್ಟರ್ ಲೇಬಲ್ಲಿನಲ್ಲಿ 88 ಡಿಗ್ರಿ! ಟೇಪ್ ಹಿಡಿದರೆ 2.7 ಮೀಟರ್ ದೂರ, ಅದೂ ಡಕ್ಟಿನ ಆಚೆ ಬದಿ. ಅಂದರೆ ಮೊದಲು ನೀರು, ಆಮೇಲೆ ಕರೆಂಟ್ ಕಟ್. ಪೂರ್ತಿ ಉಲ್ಟಾ.

ಹಳೇ ಲಿಫ್ಟ್ ಮೆಕ್ಯಾನಿಕ್:
ರೂಮ್ ಬಿಸಿ ಅಂತ 88 ಹಾಕಿರುತ್ತಾರೆ. ಅಷ್ಟು ಬಿಸಿ ಇದ್ದರೆ ಕೆಂಪು ಹೆಡ್ಡೇ ತಪ್ಪು, ಅದು ಸೂರಿನ ಹತ್ತಿರ 38 ಡಿಗ್ರಿ ದಾಟದ ಜಾಗಕ್ಕೆ. ಎರಡರ ಫೋಟೋನೂ ಡಿಸೈನರಿಗೆ ಕಳಿಸಿ, ಯಾವುದನ್ನು ಬದಲಿಸಬೇಕು ಅಂತ ಅವರೇ ಬರೆದುಕೊಡಲಿ. ಸುಮ್ನೆ ನೀವೇ ಬದಲಿಸಬೇಡಿ.

ಹಾಗೇ ಕಾಯಿಲಿಗೆ ಹೋಗುವ ಸಪ್ಲೈ ಮೇಲೂ ಫೈರ್ ಅಲಾರಂ ಪ್ಯಾನೆಲ್ ಕಣ್ಣಿಟ್ಟಿರಬೇಕು. ಅದು ಹೋದರೆ ಸೂಪರ್‌ವೈಸರಿ ಸಿಗ್ನಲ್ (ವ್ಯವಸ್ಥೆ ಸರಿಯಿಲ್ಲ ಎಂಬ ಸೂಚನೆ) ಬರಬೇಕು. ಒಂದು ಕಡೆ ಆ ಫ್ಯೂಸನ್ನು ತೆಗೆದು, ಬ್ರೇಕರ್ ಡಬ್ಬಿಯ ಬಾಗಿಲ ಒಳಗೆ ಟೇಪ್ ಹಾಕಿ ಅಂಟಿಸಿದ್ದರು. ಟೇಪ್ ಹಳದಿಗಟ್ಟಿತ್ತು.

ಪ್ಯಾನೆಲ್ ಹುಡುಗ:
ನಮ್ಮಲ್ಲಿ ಫ್ಯೂಸ್ ಇದೆ. ಸಿಗ್ನಲ್ ವೈರ್ ಮಾತ್ರ ಯಾರೂ ಎಳೆದಿಲ್ಲ. ನಾಳೆ ಎಳೆಯುತ್ತೇನೆ.