8+8 ಅಂದರೆ 16 ಜಿಬಿ ರ‍್ಯಾಮಾ?

ಮಳೆಬಿಲ್ಲು: ಹೊಸ ಫೋನಿನ ಡಬ್ಬಿ ಮೇಲೆ "8+8 ಜಿಬಿ ರ‍್ಯಾಮ್, 128 ಜಿಬಿ ರೋಮ್" ಅಂತಿದೆ. ಒಟ್ಟು 16 ಜಿಬಿ ರ‍್ಯಾಮ್ ಅಂತಾನಾ? ಇನ್ನೊಂದು, 128 ಅಂತ ಬರೆದಿದ್ದರೂ ಒಂದು ಆ್ಯಪ್ ಒಟ್ಟು ಸ್ಟೋರೇಜ್ 119 ಅಂತ ತೋರಿಸುತ್ತಿದೆ. ತಿಳಿದವರು ಹೇಳಿ.

ಗುಂಡುಪಿನ್: 16 ಅಲ್ಲ, 8 ಅಷ್ಟೇ. ಎರಡನೇ 8 ವರ್ಚುವಲ್ ರ‍್ಯಾಮ್. ನಿಮ್ಮ 128ರಲ್ಲೇ 8 ಜಿಬಿ ತೆಗೆದಿಟ್ಟುಕೊಂಡು, ಸದ್ಯಕ್ಕೆ ಬಳಸದ ಆ್ಯಪ್‌ಗಳನ್ನು ಅಲ್ಲಿಗೆ ತಳ್ಳುತ್ತಾರೆ. 64 ಬಿಟ್ ಅಗಲದ ಎಲ್‌ಪಿಡಿಡಿಆರ್5 ರ‍್ಯಾಮ್‌ನ ಗರಿಷ್ಠ ವೇಗ ಸೆಕೆಂಡಿಗೆ 51.2 ಜಿಬಿ. ಯುಎಫ್‌ಎಸ್ 3.1 ಸ್ಟೋರೇಜ್ ಲೆಕ್ಕದ ಪ್ರಕಾರವೂ 2.9 ಜಿಬಿ ದಾಟುವುದಿಲ್ಲ. ಅದನ್ನು ರ‍್ಯಾಮ್ ಅಂತ ಕರೆಯೋದೇ ಮೋಸ. ಇನ್ನು 119 ಬರೀ ಲೆಕ್ಕದ ಆಟ, ಏನೂ ಕಳೆದುಹೋಗಿಲ್ಲ.

ತರ್ಕಪ್ರಿಯ: "ಮೋಸ" ಅನ್ನೋದು ಜಾಸ್ತಿ ಆಯ್ತು. ವಿಂಡೋಸ್‌ನಲ್ಲಿ ಪೇಜ್‌ಫೈಲ್, ಲಿನಕ್ಸ್‌ನಲ್ಲಿ ಸ್ವ್ಯಾಪ್, ದಶಕಗಳಿಂದ ಇದೇ ಕೆಲಸ ನಡೆದಿದೆ. ಯಾರೂ ಮೋಸ ಅಂದಿಲ್ಲ.

ಗುಂಡುಪಿನ್: ಪೇಜ್‌ಫೈಲನ್ನು ರ‍್ಯಾಮ್ ಲೆಕ್ಕಕ್ಕೆ ಸೇರಿಸಿ ಮಾರಿದ ಕಂಪ್ಯೂಟರ್ ಒಂದು ತೋರಿಸಿ, ಒಪ್ಪಿಕೊಳ್ಳುತ್ತೇನೆ.

ಬಿಸಿಲುಕುದುರೆ: "ಏನೂ ಕಳೆದುಹೋಗಿಲ್ಲ" ಅಂತೆ! ಮತ್ತೆ 9 ಜಿಬಿ ಎಲ್ಲಿ ಹೋಯ್ತು? ಆಂಡ್ರಾಯ್ಡ್ ತಿಂದಿದೆ. ಗೊತ್ತಿಲ್ಲದಿದ್ದರೆ ಸುಮ್ನಿರಬೇಕು.

ಗುಂಡುಪಿನ್: ಅಣ್ಣಾ, 128 ಜಿಬಿ ಅಂದರೆ 12,800 ಕೋಟಿ ಬೈಟ್. ಅದನ್ನು 1024ರಿಂದ ಮೂರು ಸಲ ಭಾಗಿಸಿ. 119.2 ಬರುತ್ತದೆ. ಕ್ಯಾಲ್ಕುಲೇಟರ್ ನಿಮ್ಮ ಫೋನಿನಲ್ಲೇ ಇದೆ.

ಬಿಸಿಲುಕುದುರೆ: ನನ್ನದೂ 128ರ ಫೋನೇ. ಒಂದು ಆ್ಯಪ್ ಹಾಕುವ ಮೊದಲೇ ಖಾಲಿ ಇದ್ದದ್ದು 105. ನಿಮ್ಮ ಭಾಗಾಕಾರದಲ್ಲಿ 105 ತರಿಸಿ, ನೋಡೋಣ.

ತರ್ಕಪ್ರಿಯ: "1024ರಿಂದ" ಯಾಕೆ ಭಾಗಿಸಬೇಕು? ಗಿಗಾ ಅಂದರೆ ನೂರು ಕೋಟಿ, ಮುಗೀತು. 1024ರ ಲೆಕ್ಕಕ್ಕೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿ 1998ರಲ್ಲೇ ಗಿಬಿಬೈಟ್ ಅಂತ ಬೇರೆ ಹೆಸರು ಕೊಟ್ಟಿದೆ. ಡಬ್ಬಿ ಸರಿ, ಆ್ಯಪ್ ತಪ್ಪು.

ಅಳಿಲುಸೇವೆ: "ಡಬ್ಬಿ ಸರಿ" ಅಂದಿರಲ್ಲ, ಅದೇ ಡಬ್ಬಿಯ 8 ಜಿಬಿ ರ‍್ಯಾಮ್ ಯಾವ ಲೆಕ್ಕದ್ದು? 1024ರದ್ದು. ಒಂದೇ ಸಾಲಿನಲ್ಲಿ ರ‍್ಯಾಮಿಗೊಂದು ಜಿಬಿ, ಸ್ಟೋರೇಜಿಗೊಂದು ಜಿಬಿ. ಚೆನ್ನಾಗಿದೆ ನಿಮ್ಮ ಸರಿ.

ತರ್ಕಪ್ರಿಯ: ರ‍್ಯಾಮ್ ವಿಳಾಸಗಳು ಎರಡು, ನಾಲ್ಕು, ಎಂಟು ಅಂತಲೇ ಬೆಳೆಯೋದು. ಹಾಗಾಗಿ ಅಲ್ಲಿ 1024 ಸಹಜ. ಮೆಮೊರಿ ಚಿಪ್‌ಗಳ ಮಾನದಂಡ ಬರೆಯುವ ಜೆಡೆಕ್ ಕೂಡ ಈ ಬಳಕೆಯನ್ನು ದಾಖಲಿಸಿದೆ.

ಅಳಿಲುಸೇವೆ: ಫ್ಲ್ಯಾಶ್ ಸ್ಟೋರೇಜೂ ಚಿಪ್ಪೇ ಅಲ್ವಾ? ಆಗ ಐಇಸಿ ಹೇಳಿದ್ದೇ ವೇದ, ಈಗ ಜೆಡೆಕ್ ನೆನಪಾಯ್ತು!

ತರ್ಕಪ್ರಿಯ: "ವೇದ" ಅಂತ ನಾನೆಲ್ಲಿ ಅಂದೆ? ನನ್ನ ಬಾಯಿಗೆ ಮಾತು ತುರುಕಬೇಡಿ. ಆಪಲ್ 2009ರಿಂದ ಮ್ಯಾಕ್‌ನಲ್ಲಿ ಫೈಲುಗಳನ್ನು ಸಾವಿರದ ಲೆಕ್ಕದಲ್ಲೇ ತೋರಿಸುತ್ತಿದೆ. ಅವರಿಗೂ ಪಾಠ ಹೇಳ್ತೀರಾ?

ಗುಂಡುಪಿನ್: ವಿಂಡೋಸ್ ಇವತ್ತಿಗೂ 1024ರಿಂದ ಭಾಗಿಸಿ ಪಕ್ಕದಲ್ಲಿ ಜಿಬಿ ಅಂತಲೇ ಬರೆಯುತ್ತದೆ. ಅದನ್ನು ಜಾಣತನದಿಂದ ಬಿಟ್ಟಿರಿ.

ತರ್ಕಪ್ರಿಯ: "ಜಾಣತನ" ಅಂತ ವೈಯಕ್ತಿಕ ಮಾತು ಬೇಡ. ವಿಂಡೋಸ್ ತಪ್ಪು ಮಾಡಿದರೆ ಎಲ್ಲರೂ ಮಾಡಬೇಕಾ?

ಸುಮ್ನೆಬಂದೆ: ಓದಲು ಮಾತ್ರ ಬರುವ ಮೆಮೊರಿಗೆ ರೋಮ್ ಅನ್ನೋದು. ಅದರಲ್ಲಿ ಫೋಟೋ ಉಳಿಸೋದು ಹೇಗೆ ಅಂತ ಒಬ್ಬರಾದರೂ ಕೇಳಿದಿರಾ? ಡಬ್ಬಿ ಸರಿಯಂತೆ.

ಬಿಸಿಲುಕುದುರೆ: ನನ್ನ 105ಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಲ್ಲರೂ ಗಿಬಿಗಿಬಿ ಅಂತಿದ್ದಾರೆ.

ಗುಂಡುಪಿನ್: 119ರಲ್ಲಿ ಸಿಸ್ಟಂ ಹಿಡಿದ ಜಾಗ ಕಳೆಯಿರಿ. ಅಷ್ಟೇ.

ಬಿಸಿಲುಕುದುರೆ: ಸಿಸ್ಟಂ ಅಂದರೆ ಆಂಡ್ರಾಯ್ಡೇ ತಾನೇ? ನಾನು ಮೊದಲೇ ಹೇಳಿದ್ದೂ ಅದನ್ನೇ! ಸುತ್ತಿ ಬಳಸಿ ಕೊನೆಗೂ ದಾರಿಗೆ ಬಂದ್ರಿ.

ಗುಂಡುಪಿನ್: ನೀವು ಹೇಳಿದ್ದು 128ರಿಂದ 119ರ ಮಾತು. ಇದು 119ರಿಂದ 105ರ ಮಾತು. ಓದಲು ಬರುತ್ತದೆ ತಾನೇ?

ಮಳೆಬಿಲ್ಲು: ದಯವಿಟ್ಟು, ಆ ಎರಡನೇ 8 ಆಫ್ ಮಾಡಲಾ, ಹಾಗೇ ಬಿಡಲಾ?

ಅಳಿಲುಸೇವೆ: ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಇದ್ದರೆ ಆಫ್ ಮಾಡಿ, ಆ ಜಾಗ ನಿಮಗೇ ವಾಪಸ್ ಸಿಗುತ್ತದೆ. ದಿನನಿತ್ಯದ ಬಳಕೆಗೆ ನಿಜವಾದ 8 ಜಿಬಿ ಸಾಕು. 3 ಅಥವಾ 4 ಜಿಬಿ ರ‍್ಯಾಮ್ ಇರುವ ಫೋನಾಗಿದ್ದರೆ ಅದು ಸ್ವಲ್ಪ ನೆರವಾಗುತ್ತಿತ್ತು. ಹಿಂದೆ ಬಿಟ್ಟ ಆ್ಯಪ್ ಪ್ರತಿ ಸಲ ಮೊದಲಿನಿಂದ ತೆರೆದುಕೊಳ್ಳೋದು ಕಡಿಮೆಯಾಗುತ್ತದೆ.

ತರ್ಕಪ್ರಿಯ: "ನೆರವಾಗುತ್ತಿತ್ತು"! ಎಲ್ಲರೂ ನೋಡಿ. ನೆರವಾಗುತ್ತದೆ ಅಂದ ಮೇಲೆ ಮೋಸ ಹೇಗಾಯ್ತು, ಗುಂಡುಪಿನ್ ಅವರೇ?

ಗುಂಡುಪಿನ್: ನೆರವಾಗಲಿ ಬಿಡಿ. 8+8 ಅಂತ ದಪ್ಪಕ್ಷರದಲ್ಲಿ ಬರೆದು, ಎರಡನೇ 8 ಸ್ಟೋರೇಜಿನದ್ದು ಅನ್ನೋದನ್ನು ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದರೆ ನಾನು ಮೋಸ ಅಂತಲೇ ಕರೆಯೋದು. ಕಂಪ್ಯೂಟರ್ ಒಂದು ತೋರಿಸಿ ಅಂದಿದ್ದೆ, ಇನ್ನೂ ತೋರಿಸಿಲ್ಲ.